ಗಣಿಯ ತಳದಲ್ಲಿ ಎರಡು ತಿಂಗಳ ಸೊನ್ನೆ

ನಮ್ಮ ಕೊಡೇಕಲ್ ಕಡೆ ಬಂಗಾರದ ಗಣಿ ಎಂದರೆ ಕೃಷ್ಣೆಯ ಆಚೆಗಿರುವ ಹಟ್ಟಿ. ಗಣಿಯಿಂದ ಬರುವುದು ಬಂಗಾರ ಮಾತ್ರ ಎಂದುಕೊಂಡೇ ನಾನು ಬೆಳೆದೆ. ಕೋಲಾರದ ಗಣಿಯಲ್ಲಿ ಅದಕ್ಕಿಂತ ಅಪರೂಪದ್ದೊಂದು ಸಿಕ್ಕಿತ್ತೆಂದು ತಿಳಿದದ್ದು ಸಂಶೋಧನೆಗೆ ಸೇರಿದ ಮೇಲೆ.

1951ರಲ್ಲಿ ನಂಜನಗೂಡಿನ ಬಿ.ವಿ. ಶ್ರೀಕಂಠನ್ ಅವರು ಹೋಮಿ ಭಾಭಾ ಅವರ ಸೂಚನೆಯಂತೆ ಕೆ.ಜಿ.ಎಫ್. ಗಣಿಗೆ ಇಳಿದರು. ಆಗ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಯುವ ಸಂಶೋಧಕರು. ವಿಶ್ವಕಿರಣಗಳು ವಾತಾವರಣಕ್ಕೆ ಬಡಿದಾಗ ಮ್ಯೂಯಾನ್ ಎಂಬ ಕಣಗಳು ಹುಟ್ಟುತ್ತವೆ. ಅವು ಬಂಡೆಯೊಳಗೆ ಎಷ್ಟು ಆಳಕ್ಕೆ ಇಳಿಯುತ್ತವೆ ಎಂಬುದನ್ನು ಅಳೆಯಬೇಕಿತ್ತು. ಆಳಕ್ಕೆ ಹೋದಷ್ಟೂ ಎಣಿಕೆ ಕಡಿಮೆಯಾಗುತ್ತಿತ್ತು. 1960ರ ಸುಮಾರಿಗೆ ಗಣಿಯ ಅತಿ ಆಳದಲ್ಲಿ ಉಪಕರಣವಿಟ್ಟು ಎರಡು ತಿಂಗಳು ಕಾದರೂ ಒಂದು ಮ್ಯೂಯಾನೂ ಬರಲಿಲ್ಲ.

ಆ ಸೊನ್ನೆಯೇ ಮುಂದಿನ ದಾರಿ ತೋರಿಸಿತು. ನ್ಯೂಟ್ರಿನೊ ಭೂಮಿಯನ್ನೇ ತೂರಿಹೋಗುವ ಕಣ; ಅದನ್ನು ನೇರವಾಗಿ ಕಾಣಲಾಗದು. ಎಲ್ಲೋ ಅಪರೂಪಕ್ಕೆ ಬಂಡೆಯ ಪರಮಾಣುವಿಗೆ ಬಡಿದರೆ ಒಂದು ಮ್ಯೂಯಾನ್ ಹುಟ್ಟುತ್ತದೆ. ಮೇಲಿನಿಂದ ಬರುವ ಮ್ಯೂಯಾನ್‌ಗಳ ಗದ್ದಲ ಅಡಗಿದ ಜಾಗದಲ್ಲಿ ಮಾತ್ರ ಅದನ್ನು ಗುರುತಿಸಬಹುದು.

ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್‌ನ ವಿಜ್ಞಾನಿಗಳೂ ಜೊತೆಗೂಡಿದರು. ಸುಮಾರು 2,300 ಮೀಟರ್ ಆಳದಲ್ಲಿ ಸಿಂಟಿಲೇಟರ್ ಫಲಕಗಳನ್ನು ಗೋಡೆಗಳಂತೆ ನಿಲ್ಲಿಸಿದರು. ಕಣ ಹಾದಾಗ ಫಲಕ ಮಿನುಗುತ್ತದೆ, ನಿಯಾನ್ ಕೊಳವೆಗಳು ಬೆಳಗುತ್ತವೆ, ಕ್ಯಾಮೆರಾ ಅದರ ಜಾಡನ್ನು ಹಿಡಿಯುತ್ತದೆ. ಆ ಜಾಡಿನ ಓರೆಯೇ ಸಾಕ್ಷಿ. ಅಡ್ಡಡ್ಡವಾಗಿ ಬಂದ ಮ್ಯೂಯಾನ್ ಆಕಾಶದಿಂದ ಇಳಿದದ್ದಾಗಿರಲು ಸಾಧ್ಯವಿಲ್ಲ. ಅಷ್ಟು ದಪ್ಪದ ಬಂಡೆಯನ್ನು ಅದು ದಾಟಲಾರದು. ಹಾಗಾದರೆ ಅದು ಅಲ್ಲೇ ಹತ್ತಿರದಲ್ಲಿ ನ್ಯೂಟ್ರಿನೊದಿಂದ ಹುಟ್ಟಿರಬೇಕು.

ಕೋಲಾರದ ವರದಿ ಅಚ್ಚಾದದ್ದು 1965ರ ಆಗಸ್ಟ್ 15ರಂದು. ದಕ್ಷಿಣ ಆಫ್ರಿಕಾದ ಬಂಗಾರದ ಗಣಿಯಲ್ಲಿ ಇದೇ ಹುಡುಕಾಟ ನಡೆಸಿದ್ದ ಫ್ರೆಡ್ರಿಕ್ ರೈನ್ಸ್ ತಂಡದ ವರದಿ ಬಂದದ್ದು ಆಗಸ್ಟ್ 30ರಂದು. ಆದರೆ ಆ ತಂಡಕ್ಕೆ ಮೊದಲ ಜಾಡು ಫೆಬ್ರುವರಿ 23ರಂದೇ, ಕೋಲಾರಕ್ಕಿಂತ ಮುಂಚೆ, ಸಿಕ್ಕಿತ್ತು. 'ನಾವೇ ಮೊದಲು' ಎಂದು ಹೇಳುವವರು ಈ ಮಾತನ್ನೂ ಸೇರಿಸಿ ಹೇಳಬೇಕು. ಅದರಿಂದ ಕೋಲಾರದ ಘನತೆ ಕುಗ್ಗುವುದಿಲ್ಲ.

ಕೋಲಾರದ ಪ್ರಯೋಗಗಳು 1990ರ ದಶಕದ ಆರಂಭದಲ್ಲಿ ನಿಂತವು. 2001ರ ಫೆಬ್ರುವರಿ 28ರಂದು ಗಣಿಯೂ ಮುಚ್ಚಿತು. ವರದಿಯಲ್ಲಿರುವುದು ವಿಜ್ಞಾನಿಗಳ ಹೆಸರು. ಆ ಆಳದವರೆಗೆ ಬಂಡೆ ಕೊರೆದು ದಾರಿ ಮಾಡಿಕೊಟ್ಟವರು ಕೂಲಿಗಳು, ಅವರ ಹೆಸರು ಅಲ್ಲಿಲ್ಲ. ಹಟ್ಟಿಗೆ ಹೋಗುವವರನ್ನು ಕಂಡಾಗಲೆಲ್ಲ ಈಗ ನನಗೆ ಇದೇ ನೆನಪಾಗುತ್ತದೆ.