ಕತ್ತಿಯ ಹಿಡಿ

ಕತ್ತಿಯನ್ನು ಕೊಳ್ಳುವವರು ಮೊದಲು ನೋಡುವುದು ಅಲಗನ್ನು. ಹಿಡಿಯ ನೆನಪಾಗುವುದು ಕೈ ಜಾರಿದ ಮೇಲೆ. ಕೊಯ್ಯುವುದು ಅಲಗೇ ನಿಜ. ಆದರೆ ತೋಳಿನ ಬಲ ಅದಕ್ಕೆ ಮುಟ್ಟುವುದು ಹಿಡಿಯ ಮೂಲಕವೇ ಅಲ್ಲವೆ? ಬೆವರು, ನೀರು, ಜಿಡ್ಡು ಈ ಮೂರರೊಡನೆ ಮನುಷ್ಯನು ನಡೆಸಿದ ಹೋರಾಟವೇ ಹಿಡಿಯ ಚರಿತ್ರೆ.

ಜಪಾನಿನ ಕುಶಲಿಗಳು ಒರಟುತನವನ್ನು ನಂಬಿದರು. ಖಡ್ಗದ ಮರದ ಹಿಡಿಗೆ ತೊರಕೆ ಮೀನಿನ ಹರಳುಹರಳಾದ ಚರ್ಮವನ್ನು ಹೊದಿಸಿ, ಅದರ ಮೇಲೆ ರೇಷ್ಮೆಯ ಅಥವಾ ಹತ್ತಿಯ ಪಟ್ಟಿಯನ್ನು ಓರೆಯಾಗಿ ಹೆಣೆದು ಸುತ್ತುತ್ತಿದ್ದರು. ಚರ್ಮವು ಪಟ್ಟಿಯನ್ನು ಸರಿಯಗೊಡದು. ಪಟ್ಟಿಯ ಉಬ್ಬುತಗ್ಗುಗಳು ಬೆರಳನ್ನು ಜಾರಗೊಡವು. 1876ರಲ್ಲಿ ಅಲ್ಲಿನ ಸರಕಾರ ಸಾರ್ವಜನಿಕವಾಗಿ ಖಡ್ಗ ಧರಿಸುವುದನ್ನು ನಿಷೇಧಿಸಿದರೂ ಈ ಹೆಣಿಗೆಯ ವಿದ್ಯೆ ಅಳಿಯಲಿಲ್ಲ.

ನಮ್ಮ ಕಠಾರಿಯದು ಬೇರೆಯೇ ಉಪಾಯ. ವಿಜಯನಗರವನ್ನಾಳಿದ ಸಾಳುವರಿಗೆ 'ಕಠಾರಿ ಸಾಳುವ' ಎಂಬ ಬಿರುದೇ ಇದ್ದಿತು. ಸಾಮಾನ್ಯ ಬಾಕಿನಿಂದ ಬಲವಾಗಿ ತಿವಿದಾಗ ಮುಷ್ಟಿಯು ಮುಂದಕ್ಕೆ ಜಾರಿ ಅಲಗಿಗೇ ತಗಲುವ ಭಯವುಂಟು. ಕಠಾರಿಯಲ್ಲಿ ಎರಡು ಕಂಬಿಗಳ ನಡುವೆ ಹಿಡಿಯನ್ನು ಅಡ್ಡಲಾಗಿ ಕೂಡಿಸಿದರು. ಮುಷ್ಟಿ ಜಾರಲು ದಾರಿಯೇ ಇಲ್ಲ. ಮಣಿಕಟ್ಟು ಬಾಗದೆ ಮುಂದೋಳಿನ ಬಲವೆಲ್ಲ ನೇರವಾಗಿ ಮೊನೆಗೆ ಸಾಗುತ್ತದೆ.

ಅಡುಗೆಮನೆಯ ಈಳಿಗೆಮಣೆಯಂತೂ ಹಿಡಿಯನ್ನೇ ಬಿಟ್ಟಿತು. ಮಣೆಯನ್ನು ಕಾಲು ಒತ್ತಿ ಹಿಡಿಯುತ್ತದೆ, ಎರಡು ಕೈಗಳೂ ತರಕಾರಿಗೆ ಬಿಡುವು. ಆದರೆ ಮಂಡಿ ಮಡಿಸಲಾರದ ಮುದುಕಿಗೆ ಅದು ಒದಗುವುದು ಹೇಗೆ? ಕೀಲುನೋವಿನಿಂದ ಬೆರಳು ಮಡಿಸಲಾರದವರಿಗೆ ಮಾಮೂಲಿನ ಕತ್ತಿಯೂ ಒಗ್ಗದು.

ಅಂಥ ಕೈಗಳನ್ನು ಕುರಿತು ಯೋಚಿಸಿದವರು ಸ್ವೀಡನ್ನಿನ ಮರಿಯಾ ಬೆಂಕ್ಟ್‌ಸೋನ್ ಮತ್ತು ಸ್ವೆನ್-ಎರಿಕ್ ಯೂಲಿನ್. 1974ರಲ್ಲಿ ಹೊರಬಂದ ಅವರ ಕತ್ತಿಗೆ ಬಡಗಿಯ ಗರಗಸಕ್ಕಿರುವಂತೆ ಮೇಲ್ಮುಖವಾದ ಹಿಡಿ. ಮಣಿಕಟ್ಟನ್ನು ತಿರುಚದೆ ತೋಳನ್ನು ಹಿಂದೆಮುಂದೆ ಆಡಿಸಿದರೆ ಸಾಕು; ಜೊತೆಗಿರುವ ಚೌಕಟ್ಟು ಕತ್ತಿಗೆ ದಾರಿ ತೋರಿಸುತ್ತದೆ.

ವೀರನ ಕಠಾರಿಗೂ ರೋಗಿಯ ಕತ್ತಿಗೂ ನಂಟಿಲ್ಲ. ಒಂದನ್ನು ನೋಡಿ ಇನ್ನೊಂದನ್ನು ಮಾಡಿದ್ದೂ ಅಲ್ಲ. ಆದರೂ ಮಣಿಕಟ್ಟು ನೆಟ್ಟಗಿದ್ದರೆ ಬಲ ಪೋಲಾಗದೆಂಬ ಅರಿವು ಎರಡರಲ್ಲಿಯೂ ಒಂದೇ. ಒಂದು ಕಾಲದಲ್ಲಿ ಪ್ರಾಣ ತೆಗೆಯಲು ನೆರವಾದ ತಿಳಿವಳಿಕೆ ಇನ್ನೊಂದು ಕಾಲದಲ್ಲಿ, ರೊಟ್ಟಿ ಕೊಯ್ದುಕೊಡಿರೆಂದು ಪರರ ಮುಂದೆ ಕೈಚಾಚಬೇಕಾಗಿದ್ದವರ ಮಾನ ಕಾಯಿತು. ಕೈ ಕತ್ತಿಗೆ ಒಗ್ಗಬೇಕಾದದ್ದಲ್ಲ, ಕತ್ತಿ ಕೈಗೆ ಒಗ್ಗಬೇಕು.