ಹುಟ್ಟಿನಿಂದಲೇ ಬೆನ್ನುಮೂಳೆಯಲ್ಲಿ ಸಣ್ಣ ಸೀಳು: ಹದಿಹರೆಯದ ಆಟಗಾರರು ಭಾರ ಎತ್ತಬಹುದೇ? ಇಲ್ಲಿದೆ ಮಾಹಿತಿ

ಕ್ರಿಕೆಟ್ ಆಡುವ ಮಗನಿಗೆ ಸೊಂಟನೋವು ಎಂದು ಎಕ್ಸ್‌ರೇ ತೆಗೆಸುತ್ತೀರಿ. ವರದಿಯ ಕೊನೆಯಲ್ಲಿ 'ಸ್ಪೈನಾ ಬೈಫಿಡಾ ಆಕಲ್ಟಾ' ಎಂಬ ಸಾಲು ಕಾಣಿಸುತ್ತದೆ. ಆ ಹೆಸರನ್ನು ಗೂಗಲ್ ಮಾಡಿದರೆ ಗಾಲಿಕುರ್ಚಿಯಲ್ಲಿ ಕುಳಿತ ಮಕ್ಕಳ ಚಿತ್ರಗಳು ಬರುತ್ತವೆ. ಅಲ್ಲಿಗೆ ಜಿಮ್ ಬಂದ್, ಕೆಲವು ಮನೆಗಳಲ್ಲಿ ಆಟವೂ ಬಂದ್. ಬಹುತೇಕ ಮಕ್ಕಳ ವಿಷಯದಲ್ಲಿ ಇದು ಅನಗತ್ಯ ಭಯ.

ಏನಿದು ಆಕಲ್ಟಾ?

ಗರ್ಭದಲ್ಲಿರುವಾಗ ಬೆನ್ನುಮೂಳೆಯ ಹಿಂಭಾಗದ ಕಮಾನು ಪೂರ್ತಿ ಕೂಡಿಕೊಳ್ಳದೆ ಸಣ್ಣ ಬಿರುಕು ಉಳಿಯುತ್ತದೆ. ಸಾಮಾನ್ಯವಾಗಿ ಸೊಂಟದ ಕೊನೆಯ ಮೂಳೆ ಅಥವಾ ಅದರ ಕೆಳಗಿನ ಮೂಳೆಯಲ್ಲಿ ಇದು ಕಾಣುತ್ತದೆ. ಬೆನ್ನುಹುರಿ, ನರಗಳು ಹೊರಬರುವ ಗಂಭೀರ ಸ್ಪೈನಾ ಬೈಫಿಡಾಗೂ ಇದಕ್ಕೂ ಹೆಸರಲ್ಲಷ್ಟೇ ನಂಟು. 'ಆಕಲ್ಟಾ' ಎಂದರೆ ಮರೆಯಲ್ಲಿರುವುದು. ನೂರರಲ್ಲಿ ಸುಮಾರು 10ರಿಂದ 20 ಜನರಿಗೆ ಇದಿರಬಹುದು, ಹೆಚ್ಚಿನವರಿಗೆ ಜೀವನಪೂರ್ತಿ ಗೊತ್ತೇ ಆಗುವುದಿಲ್ಲ.

ನಿಜವಾಗಿ ಗಮನಿಸಬೇಕಾದ್ದು ಬೇರೆ. ಬೆಳೆಯುವ ವಯಸ್ಸಿನಲ್ಲಿ ಬೆನ್ನನ್ನು ಪದೇಪದೇ ಹಿಂದಕ್ಕೆ ಬಗ್ಗಿಸುವ ವೇಗದ ಬೌಲರ್, ಜಿಮ್ನಾಸ್ಟ್, ವೇಟ್‌ಲಿಫ್ಟರ್‌ಗಳಲ್ಲಿ ಇದೇ ಭಾಗದ ಮೂಳೆಗೆ ಸ್ಟ್ರೆಸ್ ಫ್ರ್ಯಾಕ್ಚರ್ ಆಗುವುದುಂಟು. ಇದನ್ನು ಸ್ಪಾಂಡಿಲೋಲಿಸಿಸ್ ಎನ್ನುತ್ತಾರೆ. ಆಕಲ್ಟಾ ಇರುವವರಲ್ಲಿ ಇದು ತುಸು ಹೆಚ್ಚು ಕಂಡುಬಂದಿದೆ. 2019ರಲ್ಲಿ ಜಸ್‌ಪ್ರೀತ್ ಬುಮ್ರಾ ಅವರನ್ನು ಮೈದಾನದಿಂದ ದೂರ ಇಟ್ಟದ್ದೂ ಕೆಳಬೆನ್ನಿನ ಸ್ಟ್ರೆಸ್ ಫ್ರ್ಯಾಕ್ಚರೇ. ಹೀಗಾಗಿ ಹಿಂದಕ್ಕೆ ಬಾಗಿದಾಗ ಹೆಚ್ಚುವ ನೋವು ಎರಡು-ಮೂರು ವಾರವಾದರೂ ಹೋಗದಿದ್ದರೆ 'ಮಸಲ್ ಕ್ಯಾಚ್' ಎಂದು ಸುಮ್ಮನಾಗಬೇಡಿ, ಭಾರ ಎತ್ತುವುದನ್ನು ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ.

ಕಾಲು ಜೋಮು ಹಿಡಿಯುವುದು, ಶಕ್ತಿ ಕುಂದುವುದು, ಮೂತ್ರದ ಮೇಲೆ ಹಿಡಿತ ತಪ್ಪುವುದು ಕಂಡರಂತೂ ಕಾಯುವಂತಿಲ್ಲ. ಸೊಂಟದ ಕೆಳಗೆ ಚರ್ಮದ ಮೇಲೆ ಕೂದಲಿನ ಗೊಂಚಲು, ಆಳವಾದ ಗುಳಿ ಇದ್ದರೆ ಬೆನ್ನುಹುರಿ ಕೆಳಗೆ ಅಂಟಿಕೊಂಡಿರುವ ಸಾಧ್ಯತೆ ಇರುತ್ತದೆ. ಅಂಥವರಿಗೆ ಜಿಮ್‌ಗೂ ಮೊದಲು ಎಂಆರ್‌ಐ.

ಭಾರ ಎತ್ತುವುದು ಹೇಗೆ?

ನೋವಿಲ್ಲ, ವೈದ್ಯರು ಒಪ್ಪಿದ್ದಾರೆ ಎಂದಾದರೆ ಉಳಿದ ಮಕ್ಕಳ ನಿಯಮವೇ ಇವರಿಗೂ. ತಿಳಿದ ಕೋಚ್ ಪಕ್ಕದಲ್ಲಿದ್ದರೆ ಹದಿಹರೆಯದವರು ಭಾರ ಎತ್ತುವುದು ಸುರಕ್ಷಿತ ಎಂದು ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2020ರಲ್ಲೂ ಹೇಳಿದೆ. ಮೊದಲು ಬರೀ ರಾಡ್ ಅಥವಾ ಕೋಲು ಹಿಡಿದು ಭಂಗಿ ಕಲಿಯಲಿ. ನಂತರ 8ರಿಂದ 12 ಬಾರಿ ಸಲೀಸಾಗಿ ಎತ್ತಬಲ್ಲ ಹಗುರ ತೂಕ, ವಾರಕ್ಕೆ ಎರಡು-ಮೂರು ದಿನ, ನಡುವೆ ಬಿಡುವು. ತೂಕ ಏರಿಸುವುದು ಶೇ 5-10ರಂತೆ ಮಾತ್ರ. ಸೊಂಟವನ್ನು ಹಿಂದಕ್ಕೆ ಬಳುಕಿಸಿ ತಲೆಯ ಮೇಲೆ ಭಾರ ಎತ್ತುವುದೇ ಕೆಳಬೆನ್ನಿಗೆ ಹೆಚ್ಚು ಕಾಟ ಕೊಡುವ ತಪ್ಪು. ಹೊಟ್ಟೆ ಬಿಗಿಹಿಡಿದು ಬೆನ್ನು ನೇರ ಇಡುವುದನ್ನು ಕಲಿಸದ ಜಿಮ್‌ಗೆ ಫೀಸು ಕಟ್ಟದಿರುವುದೇ ವಾಸಿ. ದಿಢೀರ್ ಎತ್ತರ ಬೆಳೆಯುವ ತಿಂಗಳುಗಳಲ್ಲಿ ತೂಕ ಇಳಿಸಿದರೆ ಒಳ್ಳೆಯದು. 'ಮ್ಯಾಕ್ಸ್ ಎಷ್ಟು ಹೊಡೀತೀಯಾ' ಎಂಬ ಗೆಳೆಯರ ಪಂದ್ಯ ಈ ವಯಸ್ಸಿಗೆ ಬೇಡ.

ಗಮನಿಸಿ, ಇದು ಸೊಂಟದ ಆಕಲ್ಟಾಗೆ ಮಾತ್ರ ಅನ್ವಯಿಸುವ ಮಾತು. ಕುತ್ತಿಗೆಯ ಮೂಳೆಗಳು ಹುಟ್ಟಿನಿಂದಲೇ ಬೆಸೆದುಕೊಂಡಿರುವ ಕ್ಲಿಪೆಲ್-ಫೈಲ್ ಇದ್ದವರು ಬೆನ್ನುಮೂಳೆ ತಜ್ಞರ ಅನುಮತಿ ಇಲ್ಲದೆ ಭಾರ ಎತ್ತುವುದಾಗಲಿ, ಕುಸ್ತಿ, ಕಬಡ್ಡಿಗೆ ಇಳಿಯುವುದಾಗಲಿ ಮಾಡುವಂತಿಲ್ಲ.