ಗುಡ್ಡದ ಭೂತವನ್ನು ಮತ್ತೆ ನೋಡುವಾಗ

ದೂರದರ್ಶನದ ಇತಿಹಾಸವೆಂದರೆ ಉಪಗ್ರಹ, ಪ್ರಸಾರ ಗೋಪುರ ಮತ್ತು ಉದ್ಘಾಟನೆಯ ದಿನಾಂಕಗಳ ಪಟ್ಟಿ ಎಂದು ಅನೇಕರು ಭಾವಿಸುತ್ತಾರೆ. ಆ ಪಟ್ಟಿಯೂ ಬೇಕು. ಆದರೆ ಜನ ಏನನ್ನು ನೋಡಿದರು, ನೋಡಿ ಏನನ್ನು ನಂಬಿದರು, ಅದರಲ್ಲಿ ಯಾವುದನ್ನು ಮುಂದಿನವರಿಗೆ ಉಳಿಸಿದರು ಎಂಬುದೂ ಇತಿಹಾಸವೇ. ಅದನ್ನು ತಿಳಿಯಲು ಒಂದು ಸುಲಭ ದಾರಿಯಿದೆ. ಹಿಂದೊಮ್ಮೆ ಊರೆಲ್ಲ ಕಾದು ಕುಳಿತು ನೋಡಿದ ಒಂದು ಧಾರಾವಾಹಿಯನ್ನು ಇಂದು ಮತ್ತೆ ನೋಡುವುದು. ಅದಕ್ಕಾಗಿ ನಾನು ಆರಿಸಿಕೊಂಡದ್ದು 1990ರಲ್ಲಿ ದೂರದರ್ಶನದಲ್ಲಿ ಪ್ರಸಾರವಾದ ‘ಗುಡ್ಡದ ಭೂತ’.

ಧಾರಾವಾಹಿ ಬಂದ ಕಾಲ

ಕರ್ನಾಟಕಕ್ಕೆ ಟೆಲಿವಿಷನ್ ಮೊದಲು ಬಂದದ್ದು ರಾಜಧಾನಿಗಲ್ಲ, ಬಯಲುಸೀಮೆಯ ಹಳ್ಳಿಗಳಿಗೆ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ ಉಪಗ್ರಹ ಬೋಧನಾ ಪ್ರಯೋಗದಲ್ಲಿ, ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ತಲುಪಿದವು. ಉತ್ತರ ಕರ್ನಾಟಕದ ಹಳ್ಳಿಗಳೂ ಅವುಗಳಲ್ಲಿದ್ದವು. 1977ರಲ್ಲಿ ಗುಲ್ಬರ್ಗದಲ್ಲಿ, 1981ರಲ್ಲಿ ಬೆಂಗಳೂರಿನಲ್ಲಿ ಕೇಂದ್ರಗಳು ಆರಂಭವಾದವು. 1994ರಲ್ಲಿ ಖಾಸಗಿ ಕನ್ನಡ ವಾಹಿನಿ ಬರುವವರೆಗೆ ಕನ್ನಡದಲ್ಲಿ ನೋಡಬೇಕೆಂದರೆ ದೂರದರ್ಶನವೊಂದೇ ಗತಿ. ಇಡೀ ನಾಡು ಒಂದೇ ಹೊತ್ತಿನಲ್ಲಿ ಒಂದೇ ಕಥೆಯನ್ನು ನೋಡುತ್ತಿದ್ದ ಕಾಲ ಅದು.

ಆ ಕಾಲದಲ್ಲಿ ಬಂದದ್ದು ‘ಗುಡ್ಡದ ಭೂತ’. ಇದರ ನಿರ್ದೇಶಕರು ಸದಾನಂದ ಸುವರ್ಣ. ಕರಾವಳಿಯ ಮುಲ್ಕಿಯವರಾದ ಅವರು ಮುಂಬಯಿಯ ಕನ್ನಡ ಮತ್ತು ತುಳು ರಂಗಭೂಮಿಯಲ್ಲಿ ಬೆಳೆದವರು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ ಚಿತ್ರವನ್ನು 1977ರಲ್ಲಿ ನಿರ್ಮಿಸಿದವರೂ ಇವರೇ. ಆ ಚಿತ್ರಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲ ದೊರಕಿತು. ಸುವರ್ಣರು ತಮ್ಮ ತುಳು ನಾಟಕವನ್ನೇ 13 ಕಂತುಗಳ ಧಾರಾವಾಹಿಯಾಗಿ ಕನ್ನಡಕ್ಕೆ ತಂದರು. ಮುಂದೆ ದಕ್ಷಿಣ ಭಾರತದ ಎಲ್ಲ ಭಾಷೆಗಳಲ್ಲಿಯೂ ಹೆಸರು ಮಾಡಿದ ಪ್ರಕಾಶ್ ರೈ ಆಗಿನ್ನೂ ಹೊಸ ಮುಖ.

ಹದಿಮೂರೇ ಕಂತು ಏಕೆ ಎಂದು ಕೇಳಬಹುದು. ವರ್ಷಕ್ಕೆ 52 ವಾರ. ಅದರ ಕಾಲುಭಾಗ 13. ವಾರಕ್ಕೊಂದು ಕಂತಿನಂತೆ ಮೂರು ತಿಂಗಳಿಗೆ ಒಂದು ಕಥೆ ಮುಗಿಯಬೇಕು. ಈ ಕಟ್ಟುಪಾಡಿನಿಂದ ಒಂದು ಲಾಭವಾಯಿತು. ಕಥೆಗಾರ ಎಲ್ಲಿ ಮುಗಿಸಬೇಕೆಂದು ಮೊದಲೇ ತಿಳಿದು ಹೊರಡುತ್ತಿದ್ದ. ನೋಡುಗನಿಗೂ ಏಳು ದಿನ ಊಹಿಸಲು, ಕಟ್ಟೆಯ ಮೇಲೆ ಕುಳಿತು ವಾದಿಸಲು ಬಿಡುವಿರುತ್ತಿತ್ತು. ಆ ಏಳು ದಿನಗಳ ಮಾತುಕತೆಯೇ ಧಾರಾವಾಹಿಯ ಅರ್ಧ ಜೀವ. ಇಂದು ಹದಿಮೂರನ್ನೂ ಒಂದೇ ಭಾನುವಾರ ನೋಡಿ ಮುಗಿಸಬಹುದು. ಕಥೆ ಪೂರ್ತಿ ಸಿಗುತ್ತದೆ; ಕಾಯುವಿಕೆ ಮಾತ್ರ ಸಿಗುವುದಿಲ್ಲ.

ಕಥೆಯ ಗುಟ್ಟನ್ನು ಇಲ್ಲಿ ಬಿಚ್ಚಿಡುವುದಿಲ್ಲ. ನೋಡದವರು ನೋಡಿಯೇ ತಿಳಿಯಲಿ.

ಒಂದು ಪದ, ಎರಡು ಸೀಮೆ

ಗುಡೇಕೋಟೆ, ಕೂಡ್ಲಿಗಿ, ಕೊಟ್ಟೂರಿನ ಕಡೆಯ ವಿದ್ಯಾರ್ಥಿ ‘ಭೂತ’ ಎಂದರೆ ಏನೆಂದು ತಿಳಿಯುತ್ತಾನೆ? ದೆವ್ವ, ಪಿಶಾಚಿ, ಗಾಳಿ ಸೋಕುವುದು. ಹುಣಸೆಮರ, ಹಾಳುಬಾವಿ, ಅಮಾವಾಸ್ಯೆ. ಅದು ಹೆದರಿ ಓಡಬೇಕಾದದ್ದು. ಆದರೆ ತುಳುನಾಡಿನಲ್ಲಿ ಭೂತವೆಂದರೆ ದೈವ. ಪಂಜುರ್ಲಿ, ಜುಮಾದಿ, ಗುಳಿಗ, ಕಲ್ಕುಡ-ಕಲ್ಲುರ್ಟಿ, ಕೋಟಿ-ಚೆನ್ನಯ ಇವರೆಲ್ಲ ಊರನ್ನೂ ಬೆಳೆಯನ್ನೂ ಕಾಯುವವರು, ತಪ್ಪಿದವರನ್ನು ಪ್ರಶ್ನಿಸುವವರು. ಅವರಿಗೆ ವರ್ಷಕ್ಕೊಮ್ಮೆ ಕೋಲ ಅಥವಾ ನೇಮ ನಡೆಯುತ್ತದೆ. ಅವರ ಹುಟ್ಟು, ಬಾಳು, ಸಾವುಗಳ ಕಥೆಯನ್ನು ‘ಪಾಡ್ದನ’ಗಳೆಂಬ ಹಾಡುಗಳು ಬಾಯಿಂದ ಬಾಯಿಗೆ ಸಾಗಿಸಿವೆ. ಅನೇಕ ದೈವಗಳು ಒಂದು ಕಾಲಕ್ಕೆ ಅನ್ಯಾಯದಿಂದ ಸತ್ತ ಮನುಷ್ಯರು. ಬದುಕಿದ್ದಾಗ ಸಿಗದ ನ್ಯಾಯವನ್ನು ಸತ್ತ ಮೇಲೆ ಕೇಳುವ ಧ್ವನಿ ಅದು.

ಹತ್ತೊಂಬತ್ತನೆಯ ಶತಮಾನದಲ್ಲಿ ಬಾಸೆಲ್ ಮಿಷನ್ನಿನವರು ಈ ಪಾಡ್ದನಗಳನ್ನು ಬರೆಸಿ ಅಚ್ಚು ಹಾಕಿಸಿದರು. ಎ.ಸಿ. ಬರ್ನೆಲ್ ಎಂಬ ಇಂಗ್ಲಿಷ್ ಅಧಿಕಾರಿ ಸಂಗ್ರಹಿಸಿದವು ಅವನು ತೀರಿಕೊಂಡ ಬಳಿಕ, 1890ರ ದಶಕದಲ್ಲಿ, ಪ್ರಕಟವಾದವು. ಆ ಪ್ರಕಟಣೆಗೆ ಇಟ್ಟ ಹೆಸರಿನ ಅರ್ಥ ‘ತುಳುವರ ಪಿಶಾಚಪೂಜೆ’ ಎಂದು. ಪೂಜಿಸುವವನಿಗೆ ದೈವ, ಹೊರಗಿನವನಿಗೆ ಪಿಶಾಚಿ. ಒಂದು ಪದವನ್ನು ತಪ್ಪಾಗಿ ತಿಳಿದರೆ ಒಂದು ಜನರನ್ನೇ ತಪ್ಪಾಗಿ ತಿಳಿದಂತಾಗುತ್ತದೆ.

‘ಗುಡ್ಡದ ಭೂತ’ ನಾಡಿನಾದ್ಯಂತ ಪ್ರಸಾರವಾದಾಗ ಈ ಎರಡು ಅರ್ಥಗಳೂ ಒಂದೇ ಪರದೆಯ ಮೇಲೆ ಎದುರಾದವು. ಕರಾವಳಿಯವರಿಗೆ ಆ ಶೀರ್ಷಿಕೆಯಲ್ಲಿ ಭಯದ ಜೊತೆ ಭಕ್ತಿಯ ನೆರಳೂ ಇತ್ತು. ಬಯಲುಸೀಮೆಯವರಿಗೆ ಅದು ಮೊದಲು ಕೇಳಿಸಿದ್ದು ದೆವ್ವದ ಕಥೆಯಾಗಿ.

ಆದರೆ ನಮ್ಮ ಸೀಮೆಗೆ ದೈವ ಮನುಷ್ಯನ ಬಾಯಿಂದ ಮಾತಾಡುವುದು ಹೊಸತೇನಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಹೋದವರಿಗೆ ಇದು ಗೊತ್ತು. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಾನೆ. ಲಕ್ಷಾಂತರ ಜನ ಒಮ್ಮೆಲೇ ಮೌನವಾಗುತ್ತಾರೆ. ಅವನಾಡುವ ಒಂದು ಸಾಲು ಆ ವರ್ಷದ ಕಾರ್ಣಿಕ. ಆ ಮೌನವನ್ನು ಕಂಡವನಿಗೆ ಕೋಲದ ಕಳದಲ್ಲಿ ನಿಂತವನ ಮನಸ್ಸು ತೀರ ಅಪರಿಚಿತವೆನಿಸದು. ಧಾರಾವಾಹಿಯನ್ನು ಎರಡನೆಯ ಸಲ ನೋಡುವಾಗ ಈ ಹೋಲಿಕೆ ಕಣ್ಣಿಗೆ ಬೀಳುತ್ತದೆ. ಮೊದಲ ಸಲ ‘ಭೂತ ಯಾರು’ ಎಂಬುದಷ್ಟೇ ನಮ್ಮ ಕುತೂಹಲ. ಉತ್ತರ ತಿಳಿದ ಮೇಲೆ ನೋಟ ಜನರ ಕಡೆಗೆ ತಿರುಗುತ್ತದೆ. ಯಾರು ಹೆದರುತ್ತಿದ್ದಾರೆ, ಆ ಹೆದರಿಕೆಯಿಂದ ಯಾರಿಗೆ ಲಾಭ, ಯಾರು ಪ್ರಶ್ನೆ ಕೇಳುತ್ತಾರೆ, ಯಾರು ಕೇಳಲು ಅಂಜುತ್ತಾರೆ?

ಗುಡ್ಡದಲ್ಲಿ ನಿಜವಾಗಿ ಇರುವುದು

ಗುಡೇಕೋಟೆಯ ಸುತ್ತ ಬಂಡೆಗುಡ್ಡಗಳಿಗೆ ಬರವಿಲ್ಲ. ಪಾಳೆಯಗಾರರ ಕೋಟೆ ಇರುವುದೂ ಗುಡ್ಡದ ಮೇಲೆಯೇ. ಒನಕೆ ಓಬವ್ವನ ತವರು ಇದೇ ಎಂದು ಜನ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. 2013ರಲ್ಲಿ ಇಲ್ಲಿನ ಕಾಡನ್ನು ಕರಡಿಧಾಮವೆಂದು ಘೋಷಿಸಲಾಯಿತು. ರಾತ್ರಿ ಹೊತ್ತು ಕರಡಿ ಗೆದ್ದಲಹುತ್ತಕ್ಕೆ ಬಾಯಿಟ್ಟು ಊದಿ ಹೀರುವ ಸದ್ದು ನೂರು ಮೀಟರಿಗೂ ಆಚೆ ಕೇಳಿಸುತ್ತದೆ. ಕಾಡುಪ್ರಾಣಿಯ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಪ್ರತಿಫಲಿಸುವ ಪದರವಿರುವುದರಿಂದ ಟಾರ್ಚಿನ ಬೆಳಕಿಗೆ ಎರಡು ಕೆಂಡಗಳು ಹೊಳೆದಂತೆ ಕಾಣುತ್ತದೆ. ಗೂಬೆಯ ರೆಕ್ಕೆಯಿಂದ ಸದ್ದೇ ಬರುವುದಿಲ್ಲ. ಅದು ಕೂಗಿದಾಗ ಮಾತ್ರ ಎದೆ ನಡುಗುತ್ತದೆ. ಇವಿಷ್ಟು ಸೇರಿದರೆ ಯಾವ ಗುಡ್ಡಕ್ಕೂ ಒಂದು ಭೂತ ಸಿದ್ಧವಾಗುತ್ತದೆ.

ಇದನ್ನು ಹೇಳುವುದು ನಂಬುವವರನ್ನು ನಗೆಗೀಡು ಮಾಡಲು ಅಲ್ಲ. ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ನಾಗರಿಕನ ಮೂಲಭೂತ ಕರ್ತವ್ಯವೆಂದು 1976ರ ತಿದ್ದುಪಡಿಯ ಮೂಲಕ ನಮ್ಮ ಸಂವಿಧಾನದಲ್ಲಿ ಸೇರಿತು. ಅದೇ ವರ್ಷ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಡಾ. ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿ ರಚಿಸಿದರು. 2017ರಲ್ಲಿ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರಗಳ ವಿರುದ್ಧ ರಾಜ್ಯದಲ್ಲಿ ಕಾಯ್ದೆಯಾಯಿತು. ಅದು ಪೂಜೆ, ಭಜನೆ, ಹರಿಕಥೆಗಳನ್ನು ಮುಟ್ಟುವುದಿಲ್ಲ. ಭಯ ಹುಟ್ಟಿಸಿ ಮನುಷ್ಯನನ್ನು ಹಿಂಸಿಸುವುದನ್ನು ತಡೆಯುತ್ತದೆ. ನಂಬಿಕೆ ಬೇರೆ, ನಂಬಿಕೆಯ ಹೆಸರಿನ ಶೋಷಣೆ ಬೇರೆ. ಸುವರ್ಣರು 1992ರಲ್ಲಿ ನಿರ್ದೇಶಿಸಿದ ಚಿತ್ರಕ್ಕೆ ಪೂರ್ಣಚಂದ್ರ ತೇಜಸ್ವಿಯವರ ‘ಕುಬಿ ಮತ್ತು ಇಯಾಲ’ ಕಥೆಯನ್ನು ಆರಿಸಿಕೊಂಡದ್ದು ಆಕಸ್ಮಿಕವಾಗಿರಲಾರದು. ಅಲ್ಲಿಯೂ ಹಳ್ಳಿಯ ಮೂಢನಂಬಿಕೆಯ ಎದುರು ಒಬ್ಬ ವೈದ್ಯ ನಿಲ್ಲುತ್ತಾನೆ.

ಪರದೆಯ ಮೇಲಿನ ಇನ್ನೊಂದು ಭೂತ

ವಿಜ್ಞಾನದ ವಿದ್ಯಾರ್ಥಿಗಳಿಗೆ ಇನ್ನೊಂದು ಸ್ವಾರಸ್ಯ. ಟೆಲಿವಿಷನ್ ಎಂಜಿನಿಯರರ ಭಾಷೆಯಲ್ಲಿಯೂ ಒಂದು ‘ಭೂತ’ವಿತ್ತು, ಅದನ್ನು ಅವರು ‘ಘೋಸ್ಟ್’ ಎಂದೇ ಕರೆಯುತ್ತಿದ್ದರು. ಮನೆಯ ಮೇಲಿನ ಆಂಟೆನಾಕ್ಕೆ ಗೋಪುರದಿಂದ ನೇರವಾಗಿ ಬಂದ ತರಂಗವಲ್ಲದೆ, ಬಂಡೆಗುಡ್ಡಕ್ಕೆ ಬಡಿದು ಸುತ್ತಿ ಬಂದ ತರಂಗವೂ ತಲುಪುತ್ತಿತ್ತು. ಎರಡನೆಯದು ತುಸು ತಡ. ಆ ತಡವೇ ಪರದೆಯ ಮೇಲೆ ಮಸುಕಾದ ಇನ್ನೊಂದು ಬಿಂಬವಾಗಿ ಕಾಣುತ್ತಿತ್ತು.

ಲೆಕ್ಕ ಸರಳ. ನಮ್ಮಲ್ಲಿ ಬಳಕೆಯಲ್ಲಿದ್ದ ಪದ್ಧತಿಯಲ್ಲಿ ಚಿತ್ರದ ಒಂದು ಗೆರೆಯ ಕಾಣುವ ಭಾಗವನ್ನು ಎಡದಿಂದ ಬಲಕ್ಕೆ ಎಳೆಯಲು ಸುಮಾರು 52 ಮೈಕ್ರೊಸೆಕೆಂಡು ಬೇಕು. 20 ಅಂಗುಲದ ಟಿ.ವಿ.ಯ ಪರದೆ ಸುಮಾರು 40 ಸೆಂಟಿಮೀಟರ್ ಅಗಲ. ಒಂದು ಮೈಕ್ರೊಸೆಕೆಂಡಿನಲ್ಲಿ ರೇಡಿಯೊ ತರಂಗ 300 ಮೀಟರ್ ಸಾಗುತ್ತದೆ. ಗುಡ್ಡಕ್ಕೆ ಬಡಿದು ಬಂದ ತರಂಗ 600 ಮೀಟರ್ ಹೆಚ್ಚು ದಾರಿ ನಡೆದಿದ್ದರೆ ಎರಡು ಮೈಕ್ರೊಸೆಕೆಂಡು ತಡ. ಬಿಂಬ ಬಲಕ್ಕೆ ಸುಮಾರು ಒಂದೂವರೆ ಸೆಂಟಿಮೀಟರ್ ಸರಿಯುತ್ತದೆ. ಅಂದರೆ ಪರದೆಯ ಮೇಲಿನ ಭೂತವನ್ನು ಅಳೆದು ಗುಡ್ಡದ ದೂರವನ್ನು ಅಂದಾಜು ಮಾಡಬಹುದಿತ್ತು! ಬಂಡೆಗುಡ್ಡಗಳ ಊರಿನಲ್ಲಿ ಇಂಥ ಟಿ.ವಿ.ಯ ಮುಂದೆ ಕುಳಿತವನ ಪರದೆಯಲ್ಲಿ ಎರಡು ಭೂತಗಳಿದ್ದವು. ಒಂದನ್ನು ಸುವರ್ಣರು ಕಳಿಸಿದ್ದರು, ಇನ್ನೊಂದನ್ನು ಊರ ಗುಡ್ಡವೇ ಕಳಿಸಿತ್ತು. 2022ರ ಹೊತ್ತಿಗೆ ದೂರದರ್ಶನದ ಹಳೆಯ ಅನಲಾಗ್ ಪ್ರಸಾರಕಗಳು ಬಹುತೇಕ ಮುಚ್ಚಿದವು. ಡಿಜಿಟಲ್ ಚಿತ್ರ ಬಂದರೆ ಪೂರ್ತಿ ಬರುತ್ತದೆ, ಇಲ್ಲವೇ ಚೂರಾಗಿ ನಿಲ್ಲುತ್ತದೆ. ಆ ಎರಡನೆಯ ಭೂತ ಈಗ ಇತಿಹಾಸ.

ಕವಲೊಡೆದ ಕಥೆ

ಒಂದು ಧಾರಾವಾಹಿಯಿಂದ ಇನ್ನೊಂದು ಕವಲೊಡೆಯುವುದು ಹೊರದೇಶಗಳಲ್ಲಿ ರೂಢಿ. ಅಮೆರಿಕದಲ್ಲಿ 1997ರಲ್ಲಿ ಆರಂಭವಾದ ‘ಬಫಿ’ ಎಂಬ ರಕ್ತಪಿಶಾಚಿಗಳ ಧಾರಾವಾಹಿಯ ಒಂದು ಪಾತ್ರ 1999ರಲ್ಲಿ ‘ಏಂಜೆಲ್’ ಎಂಬ ಸ್ವತಂತ್ರ ಧಾರಾವಾಹಿಯಾಯಿತು. ‘ಗುಡ್ಡದ ಭೂತ’ಕ್ಕೆ ಅಂಥ ಅಧಿಕೃತ ಕವಲು ಹುಟ್ಟಲಿಲ್ಲ. ಆದರೆ ಬೀಜ ಬಿದ್ದಿತ್ತು. 2015ರ ಜುಲೈನಲ್ಲಿ ಬಿಡುಗಡೆಯಾದ ಅನೂಪ್ ಭಂಡಾರಿಯವರ ‘ರಂಗಿತರಂಗ’ದ ಕಥೆ ಬೇರೆ, ಆದರೆ ಧಾರಾವಾಹಿಯ ‘ಡೆನ್ನಾನ’ ಹಾಡು ಅದರಲ್ಲಿ ಮತ್ತೆ ಕೇಳಿಸಿತು. ಡೆನ್ನಾನ ಎಂಬುದು ತುಳು ಜನಪದ ಹಾಡುಗಳ ಸೊಲ್ಲು. ಗದ್ದೆಯಿಂದ ನಾಟಕಕ್ಕೆ, ನಾಟಕದಿಂದ ಟಿ.ವಿ.ಗೆ, ಅಲ್ಲಿಂದ ಸಿನಿಮಾಕ್ಕೆ ಬಂದ ಆ ಸೊಲ್ಲಿನ ಪ್ರಯಾಣವೇ ಒಂದು ಇತಿಹಾಸ. ಇಪ್ಪತ್ತೈದು ವರ್ಷಗಳ ಬಳಿಕ ಅದನ್ನು ಕೇಳಿದ ಅನೇಕರು ಹಳೆಯ ಧಾರಾವಾಹಿಯನ್ನು ಹುಡುಕಿಕೊಂಡು ಹೋದರು.

2022ರಲ್ಲಿ ‘ಕಾಂತಾರ’, 2025ರಲ್ಲಿ ಅದರ ಹಿಂದಿನ ಕಥೆ ಹೇಳುವ ‘ಕಾಂತಾರ: ಅಧ್ಯಾಯ 1’ ಬಂದವು. ಈಗ ದೇಶವೆಲ್ಲ ‘ದೈವ’ ಎಂಬ ಪದವನ್ನು ಕಲಿತಿದೆ. ಬರ್ನೆಲ್ಲನ ಕಾಲದ ‘ಪಿಶಾಚಿ’ಯಿಂದ ಇಲ್ಲಿಗೆ ಬಂದದ್ದು ಸಣ್ಣ ದಾರಿಯಲ್ಲ. ಆದರೆ ಹೊಸ ತೊಡಕೂ ಬಂತು. ಕೆಲವರು ಚಿತ್ರಮಂದಿರಗಳಲ್ಲಿ, ರಸ್ತೆಗಳಲ್ಲಿ ದೈವದ ವೇಷ ಹಾಕಿ ಕುಣಿದರು. ಹಾಗೆ ಮಾಡಬೇಡಿರೆಂದು ಚಿತ್ರ ತಯಾರಿಸಿದವರೇ ಬೇಡಿಕೊಳ್ಳಬೇಕಾಯಿತು. ಅಂದು ದೈವ ದೆವ್ವವಾಗುವ ಅಪಾಯವಿತ್ತು. ಇಂದು ದೈವ ವೇಷವಾಗುವ ಅಪಾಯವಿದೆ.

ಉಳಿದರೆ ತಾನೇ ಮತ್ತೆ ನೋಡುವುದು?

ಕೊನೆಯ ಮಾತು ಮುಖ್ಯವಾದದ್ದು. ಮತ್ತೆ ನೋಡಬೇಕಾದರೆ ಚಿತ್ರ ಉಳಿದಿರಬೇಕು. ಆ ಕಾಲದ ಕಾರ್ಯಕ್ರಮಗಳು ಕಾಂತೀಯ ಟೇಪಿನ ಮೇಲೆ ಇರುತ್ತಿದ್ದವು. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಾಂತೀಯ ಸೂಕ್ಷ್ಮ ಕಣಗಳನ್ನು ಅಂಟಿಸಿ ಮಾಡಿದ್ದು ಟೇಪು. ತೇವದಿಂದ ಆ ಅಂಟು ಕೆಡುತ್ತದೆ, ಟೇಪು ಜಿಗುಟಾಗುತ್ತದೆ, ಓಡಿಸಿದರೆ ಕಣಗಳು ಕಿತ್ತುಬರುತ್ತವೆ. ಟೇಪು ಚೆನ್ನಾಗಿದ್ದರೂ ಅದನ್ನು ಓಡಿಸುವ ಯಂತ್ರ ಈಗ ತಯಾರಾಗುವುದಿಲ್ಲ. ಇದಕ್ಕಿಂತ ದೊಡ್ಡ ಶತ್ರು ಮಿತವ್ಯಯ. ಟೇಪು ದುಬಾರಿಯಾದ್ದರಿಂದ ಹಳೆಯದನ್ನು ಅಳಿಸಿ ಹೊಸದನ್ನು ಮುದ್ರಿಸುವುದು ಪ್ರಪಂಚದ ಅನೇಕ ಕೇಂದ್ರಗಳಲ್ಲಿ ಇದ್ದ ಪದ್ಧತಿ. ಬ್ರಿಟನ್ನಿನ ಬಿ.ಬಿ.ಸಿ.ಯಲ್ಲಿ ‘ಡಾಕ್ಟರ್ ಹೂ’ ಧಾರಾವಾಹಿಯ 90ಕ್ಕೂ ಹೆಚ್ಚು ಕಂತುಗಳು ಹೀಗೆ ಹೋದವು. ಅಮೆರಿಕದ ‘ಡಾರ್ಕ್ ಶ್ಯಾಡೋಸ್’ ಎಂಬ ಪಿಶಾಚಿ ಕಥೆಯ 1,225 ಕಂತುಗಳಲ್ಲಿ ಒಂದನ್ನು ಬಿಟ್ಟು ಎಲ್ಲವೂ ಉಳಿದವು. ವ್ಯತ್ಯಾಸ ಕಥೆಯ ಗುಣದಲ್ಲಿಲ್ಲ. ಯಾರೋ ಎತ್ತಿಟ್ಟರು, ಯಾರೋ ಅಳಿಸಿದರು, ಅಷ್ಟೆ.

‘ಗುಡ್ಡದ ಭೂತ’ ಇಂದು ಅಂತರ್ಜಾಲದಲ್ಲಿ ನೋಡಲು ಸಿಗುತ್ತಿರುವುದು ನಮ್ಮ ಭಾಗ್ಯ. ಸದಾನಂದ ಸುವರ್ಣರು 2024ರ ಜುಲೈನಲ್ಲಿ ತೊಂಬತ್ತು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. ಅವರ ಕೆಲಸವನ್ನು ಹೊಸ ಪೀಳಿಗೆ ಇನ್ನೂ ನೋಡಬಹುದು. ಆದರೆ ಟೇಪಿಗೂ ಹತ್ತದ ಕಥೆಗಳು ನಿಮ್ಮ ಊರಿನಲ್ಲಿವೆ. ವಿದ್ಯಾರ್ಥಿ ಮಿತ್ರರೇ, ನಿಮ್ಮೂರ ಗುಡ್ಡಕ್ಕೊಂದು ಕಥೆಯಿದೆಯೇ? ಮನೆಯ ಹಿರಿಯರನ್ನು ಕೇಳಿ. ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಹೇಳಿದವರ ಹೆಸರು, ದಿನಾಂಕ, ಸ್ಥಳ ಹಾಕಿ. ಆಮೇಲೆ ಹಗಲು ಹೊತ್ತು ಆ ಜಾಗವನ್ನು ನೋಡಿ ಬನ್ನಿ. ಕರಡಿಧಾಮದ ಕಡೆಯಾದರೆ ಅರಣ್ಯ ಸಿಬ್ಬಂದಿಗೆ ತಿಳಿಸಿ, ದೊಡ್ಡವರ ಜೊತೆ ಹೋಗಿ. ಹುತ್ತವೋ, ಗವಿಯೋ, ಸಮಾಧಿಯೋ, ವೀರಗಲ್ಲೋ, ಕಂಡದ್ದನ್ನು ಕಂಡಂತೆ ಗುರುತುಹಾಕಿ. ಕೇಳಿದ್ದು ಒಂದು ಪುಟದಲ್ಲಿ, ಕಂಡದ್ದು ಎದುರು ಪುಟದಲ್ಲಿ ಇರಲಿ. ಎರಡನ್ನೂ ಬೆರೆಸಬೇಡಿ, ಎರಡರಲ್ಲಿ ಯಾವುದನ್ನೂ ಹರಿದುಹಾಕಬೇಡಿ.